ಅಟ್ಟದ ಮೇಲಿನ ಪ್ಲೇಟು, ಸ್ಪೂಲು, ಕ್ಯಾಸೆಟ್ಟು: ಹಳೆಯ ಧ್ವನಿಮುದ್ರಣ ಉಳಿಸಿಕೊಳ್ಳುವ ಕ್ರಮ

ಅಟ್ಟದಿಂದ ಟ್ರಂಕು ಇಳಿಸಿದ ಕೂಡಲೇ ಮನೆಮಂದಿಯೆಲ್ಲ ಕೇಳುವುದು ಒಂದೇ ಮಾತು: ‘ಒಮ್ಮೆ ಹಾಕಿ ನೋಡುವ, ಬರ್ತದಾ?’

ಹಾಕಬೇಡಿ. ನಲವತ್ತು ವರ್ಷ ಯಾರೂ ಮುಟ್ಟದ ಕ್ಯಾಸೆಟ್ಟು ಮೊದಲ ಸುತ್ತಿನಲ್ಲೇ ಸಿಕ್ಕಿಕೊಂಡು ತುಂಡಾಗುವುದುಂಟು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನ ಉಕ್ಕಿನ ಪಿನ್ನು ನೂರು ಗ್ರಾಮಿಗೂ ಮೀರಿದ ಭಾರ ಹೇರಿಕೊಂಡು ಗೆರೆಯಲ್ಲಿ ಕೂರುತ್ತದೆ. ಪ್ಲೇಟು ತಿರುಗಿದಷ್ಟೂ ಗೆರೆಯ ಗೋಡೆ ಸವೆಯುತ್ತದೆ. ಕೇಳುವ ಆಸೆಯನ್ನು ಒಂದು ವಾರ ತಡೆದುಕೊಂಡರೆ ಆಮೇಲೆ ಎಷ್ಟು ಸಲ ಬೇಕಾದರೂ ಕೇಳಬಹುದು.

ದೊಡ್ಡ ಸ್ಟುಡಿಯೊ ಇರುವ ಸಂಸ್ಥೆಗಳಿಗೆ ಈ ಬರಹದ ಅಗತ್ಯವಿಲ್ಲ. ಹತ್ತಾರು ಪ್ಲೇಟು, ಇನ್ನೂರು ಮುನ್ನೂರು ಕ್ಯಾಸೆಟ್ಟು ಇಟ್ಟುಕೊಂಡು ಏನು ಮಾಡುವುದೆಂದು ತೋಚದ ಮನೆಯವರಿಗೆ, ಊರ ಗ್ರಂಥಾಲಯಕ್ಕೆ, ಯಕ್ಷಗಾನ ಸಂಘಕ್ಕೆ, ಕಾಲೇಜಿನ ಜಾನಪದ ವಿಭಾಗಕ್ಕೆ ಬರೆದದ್ದು. ಆದರೂ ಕ್ರಮ ದೊಡ್ಡವರದೇ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಯಾಸಾ ಹೊರತಂದಿರುವ ಟಿಸಿ-04 ಎಂಬ ಕೈಪಿಡಿಯನ್ನು ಜಗತ್ತಿನ ಅನೇಕ ಸಂಗ್ರಹಾಲಯಗಳು ಅನುಸರಿಸುತ್ತವೆ. ಅದರಲ್ಲಿ ನಮ್ಮ ಕೈಗೆ ಎಟಕುವಷ್ಟನ್ನು ಇಲ್ಲಿ ಇಟ್ಟಿದ್ದೇನೆ.

1. ಮೊದಲು ಪಟ್ಟಿ

ಒಂದು ದಪ್ಪ ನೋಟ್‌ಬುಕ್ಕು, ಒಂದು ಪೆನ್ಸಿಲು, ಒಂದು ಫೋನು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಹೊರಗಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಪ್ಲೇಟಿನ ಲೇಬಲ್ಲಿನ ಮೇಲೆ ಬೇಡ. ಸೆಲ್ಲೋ ಟೇಪು, ಗೋಂದು ಹತ್ತಿರ ಬರಕೂಡದು. ಎರಡೂ ಬದಿ, ಡಬ್ಬಿ, ಒಳಗೆ ಮಡಚಿಟ್ಟ ಚೀಟಿ, ಎಲ್ಲದರ ಫೋಟೊ ತೆಗೆಯಿರಿ.

ಪ್ಲೇಟಿನಲ್ಲಿ ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಒಂದು ನುಣುಪಾದ ಪಟ್ಟಿ ಇರುತ್ತದೆ. ಟಾರ್ಚನ್ನು ಓರೆ ಹಿಡಿದರೆ ಅಲ್ಲಿ ಸಣ್ಣ ಅಂಕೆ, ಅಕ್ಷರ ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ. ಲೇಬಲ್ಲಿನ ಮೇಲಿನ ಸಂಖ್ಯೆ ಅಂಗಡಿಯ ವ್ಯಾಪಾರಕ್ಕೆ, ಇದು ಆ ಒಂದು ಮುದ್ರಣಕ್ಕೆ. ಒಬ್ಬರೇ ಒಂದೇ ಹಾಡನ್ನು ಎರಡು ಸಲ ಹಾಡಿದ್ದರೆ ಬೇರೆ ಮಾಡಿ ತೋರಿಸುವುದು ಈ ಗೀಚೇ. ತಪ್ಪದೆ ಬರೆದುಕೊಳ್ಳಿ.

ಕ್ಯಾಸೆಟ್ಟಿನಲ್ಲಿ ಹೊರಗೆ ಬರೆದದ್ದನ್ನು ನಂಬಬೇಡಿ. ಸಿನಿಮಾ ಹಾಡಿನ ಕ್ಯಾಸೆಟ್ಟಿನ ತೂತಿಗೆ ಕಾಗದ ತುರುಕಿ ಅದರ ಮೇಲೆ ಹರಿಕಥೆ ತುಂಬಿಸಿಕೊಂಡವರು ನಮ್ಮಲ್ಲಿ ಮನೆಗೊಬ್ಬರಿದ್ದರು. ಹಾಗಾಗಿ ‘ಇದು ಬರೀ ಸಿನಿಮಾದ್ದು’ ಎಂದು ಯಾವುದನ್ನೂ ಎಸೆಯಬೇಡಿ.

2. ಕೈಯಲ್ಲಿರುವುದು ಏನು, ಯಾವುದಕ್ಕೆ ಅವಸರ

78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು. ಬಳೆಗೆ, ಮೊಹರಿಗೆ ಬಳಸುವ ಅದೇ ಅರಗು, ಜೊತೆಗೆ ಕಲ್ಲಿನ ಪುಡಿ, ಕಪ್ಪಿಗೆ ಮಸಿ. ಹತ್ತಿಂಚಿನ ಒಂದು ಬದಿಗೆ ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಕೈಜಾರಿದರೆ ಹಪ್ಪಳ. ಬಾಗುವಂಥದ್ದು, ಹಗುರವಾದದ್ದು ವಿನೈಲ್, ಆಮೇಲಿನ ಕಾಲದ್ದು.

ಇವೆರಡರ ನಡುವೆ ಮೂರನೆಯದೊಂದು ಕಂಡರೆ ಎಚ್ಚರ: ಹೊಳೆಯುವ ಕಪ್ಪು, ಕೈಬರಹದ ಲೇಬಲ್ಲು, ನಡುತೂತಿನ ಅಂಚಿನಲ್ಲಿ ಅಲ್ಯೂಮಿನಿಯಂ ಮಿನುಗು. ಇದು ಲ್ಯಾಕರ್ ತಟ್ಟೆ, ಸ್ಥಳದಲ್ಲೇ ಕೊರೆದದ್ದು. ಇದಕ್ಕೆ ಎರಡನೆಯ ಪ್ರತಿ ಇಲ್ಲದಿರುವುದೇ ಹೆಚ್ಚು. ಲೋಹದ ಮೇಲಿನ ಪದರ ಕಾಲಕ್ರಮದಲ್ಲಿ ಕುಗ್ಗಿ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಬೂಷ್ಟೆಂದು ಉಜ್ಜಬೇಡಿ, ಪದರದ ಒಳಗಿನ ಎಣ್ಣೆಯಂಶ ಹೊರಬಂದದ್ದು ಅದು. ಮನೆಯಲ್ಲಿ ಕೈಹಾಕದೆ ಬಲ್ಲವರಿಗೆ ಒಪ್ಪಿಸಿ.

ಸ್ಪೂಲ್ ಟೇಪನ್ನು ಬೆಳಕಿಗೆ ಹಿಡಿಯಿರಿ. ಸುರುಳಿಯ ಮೂಲಕ ಬೆಳಕು ಮಂದವಾಗಿ ಹಾದರೆ ಟೇಪಿನ ಪಟ್ಟಿ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ಹಾಯದಿದ್ದರೆ ಪಾಲಿಯೆಸ್ಟರಿನದು. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಅಸಿಟೇಟ್ ಕೆಡತೊಡಗಿದೆ. ಆ ವಾಸನೆ ಪಕ್ಕದ ಟೇಪಿಗೂ ಕೇಡು, ಬೇರೆ ಇಡಿ. ಪಾಲಿಯೆಸ್ಟರಿಗೆ ಬೇರೆ ರೋಗ. 1970, 80ರ ದಶಕದ ಕೆಲವು ಟೇಪುಗಳ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಕಿರುಚಿ, ಟೇಪಿನಿಂದ ಧ್ವನಿ ಓದುವ ಹೆಡ್ಡಿನ ಮೇಲೆ ಕಂದು ಮೇಣ ಬಿಟ್ಟು ನಿಲ್ಲುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಂಟು ಗಂಟೆಗೂ ಹೆಚ್ಚು ಬೆಚ್ಚಗಿಟ್ಟರೆ ಕೆಲವು ವಾರದ ಮಟ್ಟಿಗೆ ಸರಿಹೋಗುತ್ತದೆ, ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದನ್ನು ಅಡುಗೆಮನೆಯ ಓವನ್ನಿನಲ್ಲಿ ಮಾಡಲು ಹೋಗಬೇಡಿ. ಅಸಿಟೇಟಿಗಂತೂ ಶಾಖ ಕೊಡಲೇಕೂಡದು.

ಈಗ ಸರದಿ. ಲ್ಯಾಕರ್ ತಟ್ಟೆ ಮೊದಲು, ಆಮೇಲೆ ಹುಳಿ ವಾಸನೆಯ ಟೇಪು, ಆಮೇಲೆ ಉಳಿದ ಸ್ಪೂಲು, ಕ್ಯಾಸೆಟ್ಟು. ಅರಗಿನ ಪ್ಲೇಟು ಕೊನೆಗೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಪ್ಲೇಟು ನೋಡಲು ಪುರಾತನ, ಕ್ಯಾಸೆಟ್ಟು ನಿನ್ನೆಯದು ಅನ್ನಿಸುತ್ತದಲ್ಲ! ಬೀಳಿಸದೆ ಇಟ್ಟರೆ ಅರಗು ಇನ್ನೂ ಬಹುಕಾಲ ಬಾಳುತ್ತದೆ. ಟೇಪಿಗೆ ಇರುವ ಕಾಟ ಬೇರೆ: ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಕೈ ಮೂರೂ ಒಟ್ಟೊಟ್ಟಿಗೆ ಮರೆಯಾಗುತ್ತಿವೆ. ಯುನೆಸ್ಕೊ ಮತ್ತು ಐಯಾಸಾ ಸೇರಿ 2019ರಲ್ಲಿ ಟೇಪುಗಳ ಬಗ್ಗೆಯೇ ಜಗತ್ತಿಗೆ ಎಚ್ಚರಿಕೆ ಕೊಟ್ಟದ್ದು ಇದಕ್ಕೇ.

3. ತೊಳೆಯುವುದು

ಶುರುವಿನಲ್ಲಿ ನಾನು ಮಾಡಿದ ಅವಾಂತರ ಹೇಳಿಬಿಡುತ್ತೇನೆ. ವಿನೈಲಿಗೆ ಸ್ಪಿರಿಟ್ ಹಚ್ಚಿ ಒರೆಸುವುದನ್ನು ಎಲ್ಲೋ ನೋಡಿದ್ದೆ. ಅದೇ ಧೈರ್ಯದಲ್ಲಿ ಒಂದು ನಾಟಕದ ಹಾಡಿನ ಪ್ಲೇಟಿಗೂ ಹಚ್ಚಿದೆ. ಹತ್ತಿ ಕಪ್ಪಾಯಿತು. ‘ಎಷ್ಟು ಕೊಳೆ!’ ಎಂದು ಇನ್ನೂ ಉಜ್ಜಿದೆ. ಕೊಳೆಯಲ್ಲ, ಪ್ಲೇಟೇ ಕರಗಿ ಬರುತ್ತಿತ್ತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿ ಪಾಲಿಶ್ ಮಾಡಿಕೊಳ್ಳುವುದೇ ಹಾಗೆ. ಆ ಬದಿಯಲ್ಲಿ ಈಗ ಹಾರ್ಮೋನಿಯಂ ಎಲ್ಲೋ ದೂರದಲ್ಲಿ ಕೇಳುತ್ತದೆ, ಹಾಡುವವರು ಮಳೆಯ ಆಚೆ ದಡದಲ್ಲಿದ್ದ ಹಾಗೆ.

ಸರಿಯಾದ ಕ್ರಮ ಇದು. ಮೊದಲು ಮೆದು ಬ್ರಷ್ಷಿನಿಂದ ಗೆರೆಯ ಸುತ್ತಿನಗುಂಟ ಒಣ ಧೂಳು ತೆಗೆಯಿರಿ, ಅಡ್ಡಕ್ಕೆ ಉಜ್ಜಬೇಡಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಬಣ್ಣ, ವಾಸನೆ ಇಲ್ಲದ ದ್ರವ ಸೋಪಿನ ಒಂದೆರಡು ಹನಿ. ನಲ್ಲಿ ನೀರು ಬೇಡ, ಅದರ ಸುಣ್ಣ ಗೆರೆಯಲ್ಲೇ ಕೂರುತ್ತದೆ. ಲೇಬಲ್ಲಿನ ಮೇಲೆ ಅದರಷ್ಟೇ ಅಗಲದ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದು, ಮೈಕ್ರೋಫೈಬರ್ ಬಟ್ಟೆ ಅದ್ದಿ ಹಿಂಡಿ ಸುತ್ತ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಪ್ಲೇಟನ್ನು ನೀರಿನಲ್ಲಿ ನೆನೆಹಾಕಬೇಡಿ, ಅಂಚು ಒಡೆದಿದ್ದರೆ ನೀರು ಒಳಗೆ ಇಳಿಯುತ್ತದೆ. ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಒಡೆದ ಪ್ಲೇಟನ್ನು ಅಂಟಿಸಬೇಡಿ, ಎಸೆಯಲೂಬೇಡಿ. ಚೂರುಗಳನ್ನು ಒಂದಕ್ಕೊಂದು ತಾಗದಂತೆ ಕಾಗದ ಇಟ್ಟು ಮಟ್ಟಸವಾಗಿ ಡಬ್ಬಿಯಲ್ಲಿಡಿ. ಗೆರೆಯನ್ನು ಮುಟ್ಟದೆ ಬೆಳಕಿನಿಂದ ಚಿತ್ರ ತೆಗೆದು ಧ್ವನಿ ಹೊರಡಿಸುವ ವಿಧಾನವನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬೆಳೆಸಿದ್ದಾರೆ. ಚೂರಿದ್ದರೆ ಆಸೆಯೂ ಇರುತ್ತದೆ.

ಟೇಪಿಗೆ ನೀರು ಸೋಕಿಸಬೇಡಿ. ಬೂಷ್ಟು ಹಿಡಿದಿದ್ದರೆ ಮೂಗಿಗೆ ಮಾಸ್ಕು ಕಟ್ಟಿ, ಜಗಲಿಗೆ ತಂದು, ಪೂರ್ತಿ ಒಣಗಿದ ಮೇಲೆ ಮೆದು ಬ್ರಷ್ಷಿನಿಂದ ತೆಗೆಯಿರಿ.

4. ಯಂತ್ರ

ಅರಗಿನ ಪ್ಲೇಟಿಗೆ ವಿನೈಲಿನ ಸೂಜಿ ನಡೆಯದು. 78ರ ಗೆರೆ ಅಗಲ. ಎಲ್‌ಪಿಯ ಸಣ್ಣ ಮೊನೆ ಗೋಡೆಗೆ ತಾಗದೆ ತಳದ ಕಸದಲ್ಲಿ ತೆವಳುತ್ತದೆ. ಸುಮಾರು 3 ಮಿಲ್ ಅಳತೆಯ, 78ಕ್ಕೆಂದೇ ಮಾಡಿದ ಸ್ಟೈಲಸ್, ಅಂದರೆ ಸೂಜಿ ತರಿಸಿಕೊಳ್ಳಿ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಭಾರ ಕೆಲವೇ ಗ್ರಾಮಿನಷ್ಟು. ಸಾಧ್ಯವಾದರೆ ಒಂದೆರಡು ಬೇರೆ ಅಳತೆಯವೂ ಇರಲಿ. ಹಿಂದಿನವರ ಉಕ್ಕಿನ ಪಿನ್ನು ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುತ್ತದೆ. ಸ್ವಲ್ಪ ದಪ್ಪ ಅಥವಾ ಸಣ್ಣ ಮೊನೆ ಸವೆಯದ ಜಾಗ ಹಿಡಿದರೆ ಅದೇ ಪ್ಲೇಟು ಬೇರೆಯಾಗಿ ಕೇಳುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ಪ್ಲೇಟು ಬದಲಾಯಿತೇ ಎಂದು ತೆಗೆದು ಲೇಬಲ್ಲು ನೋಡಿದ್ದೆ.

ಪ್ಲೇಟು ಮೋನೊ ಆದರೂ ಸೂಜಿ ಕೂರಿಸುವ ಸ್ಟೀರಿಯೊ ಕಾರ್ಟ್ರಿಜ್ಜಿನಲ್ಲೇ ಎರಡೂ ಚಾನೆಲ್ ಇಳಿಸಿಕೊಳ್ಳಿ. ಒಂದು ಗೋಡೆ ಹಾಳಾಗಿದ್ದರೆ ಇನ್ನೊಂದು ಇರುತ್ತದೆ.

ಕ್ಯಾಸೆಟ್ಟಿಗೆ ಬೇಕಾದದ್ದು ಒಳ್ಳೆಯ ಹಳೆಯ ಡೆಕ್ಕು. ಆನ್‌ಲೈನಿನಲ್ಲಿ ಸಿಗುವ, ನೇರ ಯುಎಸ್‌ಬಿಗೆ ಹಾಕುವ ಆಟಿಕೆ ಪ್ಲೇಯರುಗಳ ವೇಗ ನಿಲ್ಲುವುದಿಲ್ಲ, ಹಣ ದಂಡ. ಕ್ಯಾಸೆಟ್ಟನ್ನು ಮೊದಲು ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿ ಬಿಗಿ ಸಮ ಮಾಡಿ. ಒಳಗಿನ ಸಣ್ಣ ಒತ್ತುಮೆತ್ತೆ ಕಳಚಿ ಬಿದ್ದಿದ್ದರೆ ಧ್ವನಿ ಮಂಕಾಗುತ್ತದೆ. ಆಗ ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ವರ್ಗಾಯಿಸಬೇಕು. ಹಿಂಬದಿಯ ಎರಡು ಕಿವಿ ಮುರಿದಿರಲಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಹೆಡ್ಡನ್ನು ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಪ್ಲೇಟಿಗೆ ವಿಷವಾದದ್ದು ಹೆಡ್ಡಿಗೆ ಔಷಧಿ.

ಇನ್ನೊಂದಕ್ಕೆ ಕಿವಿ ಬೇಕು. ಹೆಡ್ಡಿನ ಪಕ್ಕ ಅದರ ಓರೆ ಹೊಂದಿಸುವ ಸಣ್ಣ ಸ್ಕ್ರೂ ಇದೆ. ಟೇಪು ತುಂಬಿದ ಯಂತ್ರದ ಹೆಡ್ಡೂ ನಿಮ್ಮ ಯಂತ್ರದ ಹೆಡ್ಡೂ ಒಂದೇ ಓರೆಯಲ್ಲಿ ಇರುವುದು ಅಪರೂಪ. ಮೋನೊದಲ್ಲಿ ಕೇಳುತ್ತ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಚಿಣಿಚಿಣಿ, ‘ಸ’ಕಾರ ಎಲ್ಲಿ ಅತಿ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಿ. ಮಂಕು ಎಂದು ಬಿಟ್ಟಿದ್ದ ಅರ್ಧಕ್ಕರ್ಧ ಕ್ಯಾಸೆಟ್ಟು ಇಷ್ಟರಿಂದಲೇ ಕಣ್ಣು ಬಿಡುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಇದು ಸಿಗುವುದಿಲ್ಲ.

ಸ್ಪೂಲ್ ಕೇಳುವಾಗ ಹಿನ್ನೆಲೆಯಲ್ಲಿ ಯಾರೋ ತಿರುಗುಮುರುಗಾಗಿ ಮಾತಾಡುವಂತೆ ಕೇಳಿದರೆ ಗಾಬರಿ ಬೇಡ, ಅದು ಟೇಪಿನ ಇನ್ನೊಂದು ಬದಿ. ಎರಡೂ ಚಾನೆಲ್ ಒಟ್ಟಿಗೆ ಇಳಿಸಿಕೊಂಡು, ಉಲ್ಟಾ ಇರುವುದನ್ನು ಕಂಪ್ಯೂಟರಿನಲ್ಲಿ ತಿರುಗಿಸಿದರಾಯಿತು. ಟೇಪಿಗೆ ಒಂದು ಸುತ್ತು ಕಡಿಮೆ.

5. ವೇಗ, ಶ್ರುತಿ

78ರ ಪ್ಲೇಟೆಂದು ಹೆಸರು, ಮೊದಮೊದಲ ಪ್ಲೇಟುಗಳು ಮುದ್ರಣವಾದದ್ದು 70ರಿಂದ 80ರ ಆಚೀಚೆ ಯಾವ ವೇಗಕ್ಕೂ ಇರಬಹುದು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ. ‘ಆಗಿನವರು ಎಷ್ಟು ಏರುಶ್ರುತಿಯಲ್ಲಿ ಹಾಡುತ್ತಿದ್ದರು!’ ಎಂಬ ನಮ್ಮ ಬೆರಗಿನಲ್ಲಿ ಒಂದು ಪಾಲು ಗ್ರಾಮಫೋನ್ ಮೋಟರಿನದು. ಅದೇ ಗಾಯಕರ ಬೇರೆ ಮುದ್ರಣಗಳ ಶ್ರುತಿ, ಹಾರ್ಮೋನಿಯಂ ಇದ್ದರೆ ಅದರ ಮನೆ, ಮಾತಿನ ಓಟ, ಎಲ್ಲವನ್ನೂ ಹೋಲಿಸಿ ನೋಡಿ. ತೀರ್ಮಾನಕ್ಕೆ ಬರಲಾಗದಿದ್ದರೆ 78ರಲ್ಲೇ ಇಳಿಸಿ, ವೇಗವನ್ನು ಬರೆದಿಟ್ಟು, ಕೇಳುವ ಪ್ರತಿಯಲ್ಲಿ ಸರಿಮಾಡಿ.

ಟೇಪಿಗೆ ಒಂದು ಒಳ್ಳೆಯ ಉಪಾಯವಿದೆ. ಕರೆಂಟಿನಲ್ಲಿ ನಡೆದ ರೆಕಾರ್ಡರು ತುಂಬಿಕೊಂಡ ‘ಗುಂಯ್’ ನಮ್ಮ ದೇಶದಲ್ಲಿ 50 ಹರ್ಟ್ಸಿನದು. ಕಂಪ್ಯೂಟರಿನ ಸ್ಪೆಕ್ಟ್ರಮ್ಮಿನಲ್ಲಿ ಅದು 52ರಲ್ಲಿ ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡುತ್ತಿದೆ. ಎರಡು ಗೆರೆ ಕಂಡರೆ 50ರಲ್ಲಿರುವುದು ನಿಮ್ಮ ಯಂತ್ರದ್ದೇ.

ಬಯಲಾಟದ ಕ್ಯಾಸೆಟ್ಟಿನಲ್ಲಿ ಗುಂಯ್ ಸಿಗುವುದಿಲ್ಲ, ಅಲ್ಲಿ ನಡೆದದ್ದು ಬ್ಯಾಟರಿ. ರಾತ್ರಿಯಿಡೀ ಓಡಿ ಸೆಲ್ಲು ಸೋತಂತೆ ರೆಕಾರ್ಡರು ನಿಧಾನವಾಗುತ್ತದೆ. ಈಗ ಸರಿ ವೇಗದಲ್ಲಿ ಹಾಕಿದರೆ ಬೆಳಗಿನ ಜಾವದ ಹೊತ್ತಿಗೆ ಭಾಗವತರ ಕಂಠ ಸಣ್ಣಗಾಗಿ, ವೇಷಧಾರಿಗಳು ಬಸ್ಸಿಗೆ ಹೊತ್ತಾದವರ ಹಾಗೆ ಮಾತಾಡತೊಡಗುತ್ತಾರೆ. ಇಂಥದ್ದನ್ನು ತುಂಡು ತುಂಡಾಗಿ, ಪ್ರತಿಯಲ್ಲಿ ಮಾತ್ರ ಸರಿಮಾಡಬೇಕು.

6. ಕಂಪ್ಯೂಟರಿಗೆ ಇಳಿಸುವುದು

ಯಂತ್ರದ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಒಳ್ಳೆಯ ಆಡಿಯೊ ಇಂಟರ್‌ಫೇಸ್, ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. 96 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲು. ಎಂಪಿ3 ಮೂಲಪ್ರತಿಯಾಗಕೂಡದು. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. 90 ನಿಮಿಷದ 300 ಕ್ಯಾಸೆಟ್ಟು ಒಂದು ಟಿಬಿಯೊಳಗೆ ಹಿಡಿಯುತ್ತವೆ. ಧ್ವನಿಯ ಮಟ್ಟ ಎಲ್ಲಿಯೂ ಕೆಂಪಿಗೆ ಮುಟ್ಟದಿರಲಿ, ಚೆಂಡೆಗೆ ಜಾಗ ಬಿಟ್ಟೇ ಇಡಿ.

ಸೂಜಿಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸಲು ಪ್ಲೇಟಿಗೆ ಬಳಸುವ ಪ್ರಿಆಂಪ್ಲಿಫೈಯರುಗಳು 1950ರ ದಶಕದಲ್ಲಿ ಬಂದ ಆರ್‌ಐಎಎ ಎಂಬ, ದಪ್ಪ ಮತ್ತು ತೆಳು ಸ್ವರಗಳ ಪ್ರಮಾಣ ಸರಿಪಡಿಸುವ ಹೊಂದಾಣಿಕೆಯನ್ನು ತಾವಾಗಿ ಸೇರಿಸುತ್ತವೆ. ಅದಕ್ಕೂ ಹಿಂದಿನ ಪ್ಲೇಟಿಗೆ ಅದು ಒಪ್ಪುವುದಿಲ್ಲ. ಹೊಂದಾಣಿಕೆ ಇಲ್ಲದೆ ಇಳಿಸುವ ಸಾಧನ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ‘ಆರ್‌ಐಎಎ ಬಳಸಿದೆ’ ಎಂದು ಬರೆದಿಡಿ, ಮುಂದೆ ಬಿಡಿಸಬಹುದು.

ಸೂಜಿ ಕೂರುವ ಸದ್ದಿನಿಂದ ಎತ್ತುವ ಸದ್ದಿನವರೆಗೆ ಎಲ್ಲ ಇರಲಿ. ಕತ್ತರಿಸಬೇಡಿ.

7. ಯಾರು, ಎಲ್ಲಿ, ಯಾವಾಗ

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನರ ಹಾಡು ಮುದ್ರಿಸಿದ. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾರೆ. ಇದು ಜಂಬವಲ್ಲ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಕಲ್ಕತ್ತೆಯಲ್ಲೇ ಕಾರ್ಖಾನೆ ಬಂದದ್ದು 1908ಕ್ಕೆ. ಹ್ಯಾನೋವರಿನ ಕೆಲಸಗಾರರಿಗೆ ಯಾವ ಪ್ಲೇಟಿಗೆ ಯಾವ ಲೇಬಲ್ಲು ಎಂದು ಗೊತ್ತಾಗಲು ಹಾಡಿನ ಕೊನೆಯಲ್ಲಿ ಹೆಸರು ಹೇಳಿಸುತ್ತಿದ್ದರು. ಕೊನೆಗಾಲದಲ್ಲಿ ಆಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಹಾಡಿನ ಒಳಗೇ ಇದ್ದುದರಿಂದ ಲೇಬಲ್ಲು ಹರಿದ ಪ್ಲೇಟು ಸಿಕ್ಕರೂ ಯಾರದೆಂದು ಕೇಳಬೇಕಿಲ್ಲ.

ನಮ್ಮ ಕ್ಯಾಸೆಟ್ಟುಗಳಲ್ಲಿ ಹೆಸರು ಯಾರೂ ಹೇಳಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ! ಹಾಗಾಗಿ ಇಳಿಸಿದ ವಾರದಲ್ಲೇ ಎಂಪಿ3 ಪ್ರತಿಯನ್ನು ಫೋನಿಗೆ ಹಾಕಿಕೊಂಡು ಊರಿನ ಹಿರಿಯರ ಮುಂದೆ ಕೂರಿ. ನೆಂಟರ ಅಜ್ಜಿಯೊಬ್ಬರಿಗೆ ನೇಜಿ ನೆಡುವಾಗಿನ ಒಂದು ಪಾಡ್ದನ, ಅಂದರೆ ತುಳು ಜನಪದ ಹಾಡು ಕೇಳಿಸಿದೆ. ಹಾಡುತ್ತಿದ್ದವರು ಯಾರೆಂದು ತಟ್ಟನೆ ಹೇಳಲಿಲ್ಲ. ನಡುವೆ ಒಂದು ಮಗು ಅಳುವುದು ಕೇಳಿಸಿದ್ದೇ, ‘ಇದು ನಮ್ಮ ಎರಡನೇ ಮಾಣಿಯಲ್ವಾ! ಹಾಗಾದರೆ ಇವಳು ಮೇಲಿನ ಮನೆಯವಳು’ ಎಂದರು. ಮಗುವಿನ ವಯಸ್ಸಿನಿಂದ ವರ್ಷವೂ ಸಿಕ್ಕಿತು. ಅವರು ಹೇಳುವುದನ್ನೂ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಸಂಖ್ಯೆ, ಹಾಡಿದವರು, ನುಡಿಸಿದವರು, ಪ್ರಸಂಗ ಅಥವಾ ರಾಗ ತಾಳ, ಊರು, ದಿನಾಂಕ, ರೆಕಾರ್ಡ್ ಮಾಡಿದವರು, ಯಾರು ಗುರುತಿಸಿದರು, ಯಾವ ಸೂಜಿ, ಯಂತ್ರ, ವೇಗ. ಊಹೆಯಾದರೆ ಊಹೆ ಎಂದೇ ಬರೆಯಿರಿ. ಲೇಬಲ್ಲಿನಲ್ಲಿರುವ ಹೆಸರನ್ನು ತಿದ್ದಬೇಡಿ: ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳ ಮೇಲಿರುವುದು ಗಾಂಧಾರಿ ಎಂಬ ಹೆಸರು. ಅದನ್ನು ಇದ್ದ ಹಾಗೆ ಬರೆದು, ಈಗಿನ ಹೆಸರನ್ನು ಪಕ್ಕದ ಕಾಲಮ್ಮಿನಲ್ಲಿ ಕೊಡಿ. ಪ್ಲೇಟಿನ ಪತ್ತೆ ಹತ್ತದಿದ್ದರೆ ಮ್ಯಾಟ್ರಿಕ್ಸ್ ಸಂಖ್ಯೆ ಹಿಡಿದು ಮುಂಬೈಯ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್‌ನಂಥ ಸಂಗ್ರಾಹಕರನ್ನು ಕೇಳಬಹುದು.

ಫೈಲಿನ ಹೆಸರಿಗೆ ನೋಟ್‌ಬುಕ್ಕಿನ ಸಂಖ್ಯೆ ಮತ್ತು ಬದಿ, ಅಷ್ಟೇ. ‘ಅಜ್ಜ ಹಾಡು ಫೈನಲ್ ಹೊಸತು 2’ ಎಂಬ ಫೈಲು ಎರಡು ವರ್ಷದಲ್ಲಿ ನಿಮಗೇ ಅರ್ಥವಾಗುವುದಿಲ್ಲ.

8. ಗದ್ದಲ ತೆಗೆಯುವ ಆಸೆ

ತೆಗೆಯಿರಿ, ಆದರೆ ಪ್ರತಿಯಲ್ಲಿ. ಗದ್ದಲ ತೆಗೆಯುವ ತಂತ್ರಾಂಶಕ್ಕೆ ‘ಇದು ಗದ್ದಲ’ ಎಂದು ಒಂದು ತುಣುಕು ತೋರಿಸಬೇಕಾಗುತ್ತದೆ. ಹಾಡು ಶುರುವಾಗುವ ಮೊದಲಿನ ಐದು ಸೆಕೆಂಡು ತೋರಿಸಿ ಒಂದು ಕಚೇರಿಯನ್ನು ತೊಳೆದು ಹೊಳೆಯುವಂತೆ ಮಾಡಿದ್ದೆ. ಕೇಳಿದರೆ ಏನೋ ಬಿಕೋ ಅನ್ನಿಸಿತು. ಆ ಐದು ಸೆಕೆಂಡಿನಲ್ಲಿ ತಂಬೂರಿ ಇತ್ತು. ಒಂದೇ ಸಮನೆ ಮೊರೆಯುವುದೆಲ್ಲ ಯಂತ್ರಕ್ಕೆ ಗದ್ದಲ. ಇಡೀ ಕಚೇರಿಯಿಂದ ತಂಬೂರಿ ಮಾಯ. ಮೂಲ ಇದ್ದುದರಿಂದ ಬಚಾವಾದೆ.

9. ಪ್ರತಿಗಳು ಮತ್ತು ಮೂಲ

ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಮಗಳ ಮನೆಯಾದರೂ ಆದೀತು, ಕ್ಲೌಡಾದರೂ ಆದೀತು. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ ತೆಗೆದಿಡಿ. ಅದು ಫೈಲಿನ ಬೆರಳಚ್ಚು. ಒಂದು ಬಿಟ್ ಕೆಟ್ಟರೂ ಬೆರಳಚ್ಚು ಹೊಂದುವುದಿಲ್ಲ.

ಇಳಿಸಿಕೊಂಡಾಯಿತೆಂದು ಮೂಲವನ್ನು ಗುಜರಿಗೆ ಹಾಕಬೇಡಿ. ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ನೂರು ಪ್ಲೇಟು ಇಪ್ಪತ್ತು ಕಿಲೊ ಆಗುತ್ತದೆ, ಕಪಾಟು ಗಟ್ಟಿಯಿರಲಿ. ಸುಮಾರು 20 ಡಿಗ್ರಿ ಶಾಖ, ನೂರಕ್ಕೆ 40ರ ತೇವ ಎಂದು ಪುಸ್ತಕ ಹೇಳುತ್ತದೆ. ಉಡುಪಿಯ ಆಷಾಢದಲ್ಲಿ ಅದು ಕನಸು. ಹಗಲು ಎಸಿ ಹಾಕಿ ರಾತ್ರಿ ಆರಿಸುವುದಕ್ಕಿಂತ ಏರಿಳಿತ ಕಡಿಮೆಯಿರುವ ಒಳಕೋಣೆಯೇ ವಾಸಿ. ಕ್ಯಾಸೆಟ್ಟಿಗೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಸರಿ. ಅಸಿಟೇಟ್ ಸ್ಪೂಲಿಗೆ ಬಿಗಿ ಡಬ್ಬಿ ಬೇಡ, ಹುಳಿ ಒಳಗೇ ಬೆಳೆಯುತ್ತದೆ. ನುಸಿಗುಳಿಗೆ ಹಾಕಬೇಡಿ. ಸ್ಪೀಕರಿನ ಹತ್ತಿರ ಟೇಪು ಬೇಡ.

10. ಹಂಚುವ ಮೊದಲು

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1950ರ ಪ್ಲೇಟಿನ ಹಕ್ಕು 2010ರ ಕೊನೆಗೆ ಮುಗಿಯಿತು. ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನಲ್ಲಿ ಹಾಡಿದವರ ಒಪ್ಪಿಗೆ ಕೇಳಿ, ಅವರಿಲ್ಲದಿದ್ದರೆ ಮನೆಯವರದ್ದು. ದೈವದ ನುಡಿ, ಸಾವಿನ ಮನೆಯ ಹಾಡು ಕಾಯ್ದೆಯಲ್ಲಿ ಸರಿಯಿದ್ದರೂ ಯೂಟ್ಯೂಬಿಗೆ ಹಾಕುವಂಥದ್ದಲ್ಲ. ಆ ಊರಿನವರು ಬೇಡ ಎಂದರೆ ಬೇಡ.

ಸಂಗ್ರಹ ದೊಡ್ಡದಿದ್ದರೆ ಒಂದು ಪ್ರತಿಯನ್ನು ಸಂಸ್ಥೆಗೆ ಕೊಡುವ ಬಗ್ಗೆ ಮಾತಾಡಿ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಕಟ್ಟಿದ ಜನಾಂಗೀಯ ಸಂಗೀತ ಸಂಗ್ರಹಾಲಯ ಈಗ ಗುರುಗ್ರಾಮದಲ್ಲಿದೆ, ದಿಲ್ಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವಿದೆ, ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವಿದೆ. ಕೊಡುವಾಗ ಯಾರು ಕೇಳಬಹುದು, ಯಾರು ಬಳಸಬಹುದು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನೋಟ್‌ಬುಕ್ಕಿನ ನಕಲೂ ಜೊತೆಗೆ ಹೋಗಲಿ.

ಇನ್ನು ವರ್ಷಕ್ಕೊಮ್ಮೆಯ ತಪಾಸಣೆ. ನಾನು ಆಯುಧಪೂಜೆಯ ದಿನವನ್ನು ಗೊತ್ತುಮಾಡಿಕೊಂಡಿದ್ದೇನೆ. ಮಳೆ ಕಳೆದಿರುತ್ತದೆ, ಬೂಷ್ಟು ಬಂದಿದ್ದರೆ ಕಾಣುತ್ತದೆ. ಹೇಗೂ ಯಂತ್ರಗಳೆಲ್ಲ ಹೊರಗೆ ಬಂದಿರುತ್ತವೆ. ಹಾರ್ಡ್‌ಡಿಸ್ಕುಗಳನ್ನು ಒಂದೊಂದಾಗಿ ಹಾಕಿ ಚೆಕ್‌ಸಮ್ ತಾಳೆ ನೋಡಿ, ಸಿಲಿಕಾ ಜೆಲ್ ಬದಲಿಸಿ, ಐದಾರು ವರ್ಷ ದಾಟಿದ ಡಿಸ್ಕಿನ ಬದಲು ಹೊಸತು ತರಿಸಿ. ಆಮೇಲೆ ಪೂಜೆ. ಅರಶಿನ ಕುಂಕುಮವನ್ನು ಡಿಸ್ಕಿನ ಬೆನ್ನಿಗೆ ಹಚ್ಚಿ, ಯುಎಸ್‌ಬಿ ತೂತಿನ ಕಡೆಗಲ್ಲ.